ಕಣ್ಣಿಗೆ ಕೇಳಿಸುವ ಎಂಜಿನ್

ಜನವರಿ ೯

ಅಪ್ಪನಿಗೆ,

ನಿಮ್ಮ ಕಾರಿಗೆ ಮತ್ತೆ ಜೀವ ಬಂದಿದೆ. ಫೋನಿನಲ್ಲಿ ಕೂಗಿ ಹೇಳುವಂತಿದ್ದರೆ ಅಂದೇ ಹೇಳಿಬಿಡುತ್ತಿದ್ದೆ. ನಾನು ಅತ್ತೆಗೆ ಹೇಳಿ, ಅತ್ತೆ ಅದನ್ನು ಚೀಟಿಯಲ್ಲಿ ಬರೆದು ನಿಮಗೆ ತೋರಿಸುವಷ್ಟರಲ್ಲಿ ಅರ್ಧ ಸೋರಿಹೋಗುತ್ತದೆ. ಅದಕ್ಕಿಂತ ಕಾಗದವೇ ವಾಸಿ.

ನಿಮ್ಮ ಕಿವಿ ಪೂರ್ತಿ ಹೋದ ಮೇಲೆ ಶೆಡ್ಡಿನ ಬೀಗದ ಕೈಯನ್ನು ನನ್ನ ಕೈಗಿಟ್ಟು ಅತ್ತೆಯ ಊರಿಗೆ ಹೊರಟಿರಲ್ಲ, ಆವತ್ತಿನಿಂದ ಕಾರು ಮೂಲೆಯಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಹಳೆಯ ಎಂಜಿನ್ನಿನ ಬ್ಲಾಕ್ ಬಿರುಕುಬಿಟ್ಟಿತ್ತು. ಹಿಂದಿನಿಂದ ಲಾರಿ ಗುದ್ದಿದ, ನಮ್ಮದಕ್ಕಿಂತ ಹೊಸ ಮಾದರಿಯ ಕಾರೊಂದರ ಎಂಜಿನ್ ಸಿಕ್ಕಿತು, ಅದನ್ನೇ ಕೂರಿಸಿದೆ. ಅದಕ್ಕೆ ಒಗ್ಗಿಸಲು ಎಂಜಿನ್ ಕೂರುವ ಮೌಂಟಿಂಗ್ ಕತ್ತರಿಸಿ ಬೆಸುಗೆ ಹಾಕಿದೆ. ಹಳೆಯ ಪಾಯಿಂಟುಗಳಿಲ್ಲ; ಯಾವಾಗ ಕಿಡಿ ಹಾರಬೇಕೆಂದು ಈಗ ಅಂಗೈಯಗಲದ ಕಪ್ಪು ಡಬ್ಬಿಯೊಂದು ತೀರ್ಮಾನಿಸುತ್ತದೆ. “ಬಿಚ್ಚಿ ನೋಡೋಕಾಗದ ಡಬ್ಬೀನ ನಂಬಬೇಡ” ಎಂದು ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ.

ಜೊತೆಗೆ ಒಂದು ಟ್ಯಾಕೋಮೀಟರ್ ಹಾಕಿದ್ದೇನೆ. ಎಂಜಿನ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂದು ತೋರಿಸುವ ಮೀಟರು. ಸಾಸರಿನಷ್ಟು ಅಗಲ. ರಸ್ತೆಯಿಂದ ಕಣ್ಣು ತೆಗೆಯದೆಯೇ ಕಾಣಲಿ ಎಂದು ಸ್ಟಿಯರಿಂಗಿನ ಮೇಲೆಯೇ ಎತ್ತರಿಸಿ ಕೂರಿಸಿದ್ದೇನೆ. ವೇಗ ಮಿತಿ ಮೀರಿದರೆ ಹೊತ್ತಿಕೊಳ್ಳಲು ಪಕ್ಕದಲ್ಲಿ ಕೆಂಪು ದೀಪ.

ಎಡವಟ್ಟು ಇರುವುದು ಅಲ್ಲೇ. ನಿಂತಲ್ಲೇ ಓಡುತ್ತಿರುವಾಗ ಮುಳ್ಳು ಸುಮ್ಮನಿರುವುದಿಲ್ಲ. ಮೈಮೇಲೆ ಬಂದಂತೆ ಕುಣಿಯುತ್ತದೆ. ಎಂಜಿನ್ ಮೆಲ್ಲಗೆ ಗುನುಗುತ್ತಿದ್ದರೆ ಇದು ಅದರ ಎರಡರಷ್ಟು ತೋರಿಸುತ್ತದೆ. ಇನ್ನು ನೀರಿನ ಟ್ಯಾಂಕಿನ ದಿಬ್ಬ ಹತ್ತಿ ಮೇಲೆ ಹೋದ ಮೇಲೆ, ಸಮತಟ್ಟಾದ ರಸ್ತೆಯಲ್ಲಿ, ಒಮ್ಮೆಲೇ ಜಗ್ಗಿದಂತಾಗಿ ಮುಳ್ಳು ತಳಕ್ಕೆ ಬೀಳುತ್ತದೆ. ಕಾರು ಮುಗ್ಗರಿಸುತ್ತದೆ. ಮರುಕ್ಷಣ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

“ಮೀಟರ್ ಕೆಟ್ಟಿದೆ ಕಣಮ್ಮ, ಕಿತ್ತು ಬಿಸಾಕು. ನಮ್ಮ ಕಾಲದಲ್ಲಿ ಯಾವ ಗಾಡೀಲಿತ್ತು ಮೀಟರು?” ಎಂದು ಪಕ್ಕದ ಶೆಡ್ಡಿನ ಟಿಂಕರ್ ಮಾಮನ ತೀರ್ಪು. ಬೇರೆ ಮೀಟರ್ ಹಾಕಿ ನೋಡಿದೆ. ಅದೂ ಅದೇ ಕುಣಿತ ಕುಣಿಯಿತು. ಕಪ್ಪು ಡಬ್ಬಿಯನ್ನೂ ಬದಲಿಸಿದೆ. ಈಗ ನನಗೆ ತಲೆ ಓಡುತ್ತಿಲ್ಲ.

ನಿಮ್ಮ ಶೆಡ್ಡನ್ನು ಕಾಯುತ್ತಿರುವ
ಗುಬ್ಬಿ

ಜನವರಿ ೨೦

ಗುಬ್ಬಿ,

ಹಳೆಯ ಎಂಜಿನ್ ಇಳಿಸುವ ಮೊದಲು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದೆ; ಅದು ಗೊತ್ತಿದ್ದೇ ನೀನು ಕೇಳಲಿಲ್ಲ. ಇರಲಿ.

ಎರಡು ಕಾಯಿಲೆಗಳನ್ನು ಒಂದೇ ಎಂದುಕೊಂಡು ತಲೆ ಕೆಡಿಸಿಕೊಂಡಿದ್ದೀಯ. ಮುಳ್ಳು ಕುಣಿಯುವುದು ಬೇರೆ, ಬೀಳುವುದು ಬೇರೆ. ಮೀಟರಿಗೆ ಸ್ವಂತ ಬುದ್ಧಿಯಿಲ್ಲ. ಕಾಯಿಲ್ ಒಂದು ಕಿಡಿ ಕೊಟ್ಟಾಗಲೆಲ್ಲ ಅದಕ್ಕೊಂದು ತಟ್ಟು ಸಿಗುತ್ತದೆ. ಎಷ್ಟು ತಟ್ಟು ಬಂತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಇರುವುದಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಬೇರೆ ಎಲ್ಲಿಂದಲೋ ಕಳ್ಳ ತಟ್ಟು ಬರುತ್ತಿದೆ ಎಂದರ್ಥ.

ಮೊದಲು ಆ ಕಳ್ಳನನ್ನು ಹಿಡಿ. ಹಗಲಲ್ಲೇ ಶಟರ್ ಎಳೆ. ಹಿಂಬಾಗಿಲನ್ನು ತೆರೆದೇ ಇಟ್ಟು ದಪ್ಪ ಕಪ್ಪು ಬಟ್ಟೆ ಇಳಿಬಿಡು, ಗಾಳಿಯಾಡಬೇಕು. ಹೊಗೆ ಪೈಪಿಗೆ ಹೋಸ್ ಸಿಕ್ಕಿಸಿ ಹೊರಗೆ ಹಾಕು. ದೀಪಗಳನ್ನೆಲ್ಲ ಆರಿಸಿ, ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ ನಿಂತು ನೋಡು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ತಾಳ್ಮೆ ಬೇಕು. ಏನು ಕಂಡರೂ ಕೈ ಇಡಬೇಡ.

ಎರಡನೆಯದು. ಕಾರು ಮುಗ್ಗರಿಸಿದಾಗ ಕ್ಲಚ್ ತುಳಿಯದೆ ಮುಳ್ಳನ್ನೇ ನೋಡು. ಗೇರಿನಲ್ಲಿದ್ದಾಗ ಎಂಜಿನ್ ಸತ್ತರೂ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಪೆಟ್ರೋಲ್ ನಿಂತು ಸತ್ತಿದ್ದರೆ ಕಿಡಿ ಹಾರುತ್ತಲೇ ಇರುತ್ತದೆ, ಮುಳ್ಳು ಕಾರಿನ ಜೊತೆಗೇ ನಿಧಾನವಾಗಿ ಇಳಿಯುತ್ತದೆ. ಚಕ್ರ ಓಡುತ್ತಿದ್ದೂ ಮುಳ್ಳು ದೊಪ್ಪೆಂದು ಬಿದ್ದರೆ ಕಿಡಿಯೇ ನಿಂತಿದೆ. ಆಗ ಮೀಟರ್ ನಿಜವನ್ನೇ ಹೇಳುತ್ತಿದೆ, ನೀವು ಮೂರೂ ಜನ ಅದನ್ನು ಬೈಯುತ್ತಿದ್ದೀರಿ. ಮೂರನೆಯವನು ಯಾರು ಎಂದು ಕೇಳಬೇಡ, ಕಾರನ್ನೂ ಸೇರಿಸಿಕೊಂಡಿದ್ದೇನೆ.

ಒಂದು ಪ್ರಶ್ನೆ. ಗೇರ್ ಯಾವಾಗ ಬದಲಿಸಬೇಕೆಂದು ಹೇಳಲು ನಿನಗೆ ನಿನ್ನ ಕಿವಿಯೇ ಸಾಕು. ನಾನೇ ಪಳಗಿಸಿದ ಕಿವಿ ಅದು. ಅಷ್ಟು ದೊಡ್ಡ ಮುಳ್ಳು ಯಾಕೆ ಬೇಕಾಯಿತು?

ಅಪ್ಪ

ಫೆಬ್ರವರಿ ೨

ಅಪ್ಪನಿಗೆ,

ಕಂಡದ್ದನ್ನು ಹೇಗೆ ಬರೆಯಲಿ ಎಂದು ತಿಳಿಯದೆ ಪೆನ್ನು ಹಿಡಿದು ಕುಳಿತಿದ್ದೇನೆ.

ನೀವು ಹೇಳಿದಂತೆಯೇ ಮಧ್ಯಾಹ್ನ ಶಟರ್ ಎಳೆದೆ. ಟಿಂಕರ್ ಮಾಮ ತಾನೂ ನೋಡುತ್ತೇನೆಂದು ಸುತ್ತಿಗೆ ಕೈಯಲ್ಲಿ ಹಿಡಿದೇ ಒಳಗೆ ಬಂದರು. ದೀಪ ಆರಿಸಿದ ಮೇಲೆ ಮೊದಲು ಏನೂ ಇಲ್ಲ. ಎಂಜಿನ್ನಿನ ಸದ್ದು, ಬಿಸಿ ಎಣ್ಣೆಯ ವಾಸನೆ, ಅಷ್ಟೆ. “ಏನಮ್ಮ, ಇದೇನು ಕಣ್ಣಾಮುಚ್ಚಾಲೆನಾ?” ಎಂದು ಅವರು ನಗುತ್ತಿದ್ದರು. ಆಮೇಲೆ ನಗು ನಿಂತಿತು.

ಪ್ಲಗ್ಗಿಗೆ ಹೋಗುವ ವೈರುಗಳ ಮೈತುಂಬ ನೀಲಿ ಬೆಳಕು, ಅಪ್ಪ! ಮೊದಲು ಮಂಜಿನ ಹಾಗೆ. ಆಮೇಲೆ ಅದರೊಳಗಿನಿಂದ ಕೂದಲೆಳೆಯಷ್ಟು ಸಣ್ಣ ಕಿಡಿಗಳು ಎದ್ದು, ಪಕ್ಕದ ವೈರಿಗೆ ಹಾರಿ, ಮಾಯವಾಗಿ, ಮತ್ತೆ ಬೇರೆ ಕಡೆ ಏಳುತ್ತಿದ್ದವು. ಎಂಜಿನ್ ವೇಗ ಹೆಚ್ಚಿಸಿದರೆ ಇಡೀ ಗೊಂಚಲೇ ಝಗ್ಗನೆ ಬೆಳಗುತ್ತಿತ್ತು. ಹುಟ್ಟಿದಾಗಿನಿಂದ ಈ ಶೆಡ್ಡಿನಲ್ಲಿ ಬೆಳೆದವಳು ನಾನು. ದಿನವೂ ಮುಟ್ಟುವ, ಒರೆಸುವ, ಬೈಯುವ ವೈರುಗಳು. ಅವುಗಳ ಮೈಮೇಲೆ ಇಂಥದ್ದೊಂದು ಆಗುತ್ತಿರುತ್ತದೆಂದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಟಿಂಕರ್ ಮಾಮ ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡರು. ದೊಡ್ಡ ದನಿಯವರು, ಪಿಸುಗುಟ್ಟಿದರು: “ಇದಿಷ್ಟು ದಿನ ಇಲ್ಲೇ ಇತ್ತಾ?”

ಇಬ್ಬರೂ ಇನ್ನಷ್ಟು ಬಗ್ಗಿ ನೋಡಿದೆವು. ಬಂದ ಕೆಲಸವೇ ಮರೆತುಹೋಗಿತ್ತು.

ಕಳ್ಳ ಸಿಕ್ಕಿದ. ಹೊಸ ಕಾಯಿಲಿನ ಜೋರಿಗೆ ಹಳೆಯ ಎಂಜಿನ್ನಿನಿಂದ ತೆಗೆದು ಹಾಕಿದ್ದ ಪ್ಲಗ್ ವೈರುಗಳು ತಡೆಯುತ್ತಿರಲಿಲ್ಲ. ಚೆನ್ನಾಗಿ ಕಾಣಲಿ ಎಂದು ಮೀಟರಿನ ವೈರನ್ನು ನಾನು ಅವುಗಳ ಜೊತೆಗೇ ಸೇರಿಸಿ ಕಟ್ಟಿದ್ದೆ. ಪಕ್ಕದ ಮನೆಯ ಜಗಳವೆಲ್ಲ ಇದರ ಕಿವಿಗೆ ಬೀಳುತ್ತಿತ್ತು. ಈ ಡಬ್ಬಿಗೆ ಹೊಂದುವ ಹೊಸ ವೈರುಗಳನ್ನು ಹಾಕಿ, ಮೀಟರಿನದನ್ನು ಆಚೆ ಬದಿಯಿಂದ ತಂದೆ. ಮುಳ್ಳು ಈಗ ಗೋಡೆಗೆ ಹೊಡೆದ ಮೊಳೆಯಂತೆ ನಿಲ್ಲುತ್ತದೆ.

ಬೀಳುವುದು ಮಾತ್ರ ಬೀಳುತ್ತಲೇ ಇದೆ. ಕ್ಲಚ್ ತುಳಿಯದೆ ನೋಡಿದೆ. ಚಕ್ರ ಓಡುತ್ತಲೇ ಇತ್ತು, ಮುಳ್ಳು ಕಲ್ಲಿನಂತೆ ಬಿತ್ತು. ಹಾಗಾದರೆ ಕಿಡಿಯೇ ನಿಲ್ಲುತ್ತಿದೆ. ಯಾಕೆ?

ಮುಳ್ಳಿನ ವಿಷಯ ಕೇಳಿದ್ದಿರಿ. ಹಾಳೆ ಮುಗಿಯಿತು.

ಇನ್ನೂ ನೀಲಿ ಕಾಣುತ್ತಿರುವ ಕಣ್ಣುಗಳ
ಗುಬ್ಬಿ

ಫೆಬ್ರವರಿ ೧೨

ಗುಬ್ಬಿ,

ನಿನ್ನ ಕಾಗದವನ್ನು ಅಕ್ಕನಿಗೂ ಓದಲು ಕೊಟ್ಟೆ. ನಾನು ಮೊದಲ ಸಲ ಆ ಬೆಳಕು ನೋಡಿದಾಗ ನಿನ್ನ ವಯಸ್ಸೂ ಆಗಿರಲಿಲ್ಲ. ಕೆಲಸ ಕಲಿಸಿದ ಮೇಸ್ತ್ರಿ ಹೀಗೇ ದೀಪ ಆರಿಸಿ ತೋರಿಸಿದ್ದರು. ಅಷ್ಟು ಸಣ್ಣ ಬೆಂಕಿ, ಹುಟ್ಟಿದ ಕ್ಷಣವೇ ಸಾಯುತ್ತದೆ, ಇಷ್ಟು ಭಾರದ ಗಾಡಿಯನ್ನೂ ಅದರಲ್ಲಿ ಕುಳಿತ ಮನೆಮಂದಿಯನ್ನೂ ಗುಡ್ಡ ಹತ್ತಿಸುತ್ತದೆ. ಆ ಬೆರಗಿನಲ್ಲೇ ಇಷ್ಟು ವರ್ಷ ಈ ಕೆಲಸ ಮಾಡಿದೆ. ನಿನಗೆ ಅದು ಸಿಕ್ಕಿತಲ್ಲ, ನನಗೆ ಸಮಾಧಾನ.

ಈಗ ಹೇಳು. ಬೀಳುವುದು ಆಕ್ಸಿಲರೇಟರ್ ಒತ್ತಿದಾಗಲೋ, ಸಡಿಲಿಸಿದಾಗಲೋ? ದಿಬ್ಬ ಹತ್ತುವಾಗ ಬಿದ್ದಿತೆಂದು ನೀನು ಎಲ್ಲೂ ಬರೆದಿಲ್ಲ. ಹತ್ತಿ ಮುಗಿಸಿ, ಸಮರಸ್ತೆಯಲ್ಲಿ ಎಂದಿದ್ದೀಯ. ಅಲ್ಲಿ ಯಾರಾದರೂ ಕಾಲು ಹಗುರ ಮಾಡುತ್ತಾರೆ. ಹಾಗಿದ್ದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆ. ಒಳಗೆ ಒಂದು ತಟ್ಟೆ ಇದೆ. ಕಾಲು ಹಗುರಾದಾಗ ಎಂಜಿನ್ನಿನ ಉಸಿರು ಆ ತಟ್ಟೆಯನ್ನು ತುಸು ಎಳೆದು ತಿರುಗಿಸುತ್ತದೆ, ಕಿಡಿ ಸ್ವಲ್ಪ ಮೊದಲೇ ಹಾರಲಿ ಎಂದು. ತಟ್ಟೆಯಿಂದ ನಿನ್ನ ಕಪ್ಪು ಡಬ್ಬಿಗೆ ಸುದ್ದಿ ಒಯ್ಯುವ ಎರಡು ಸಣ್ಣ ವೈರುಗಳು ಹೊರಗೆ ಬರುತ್ತವೆ. ತಟ್ಟೆ ತಿರುಗಿದಾಗಲೆಲ್ಲ ಅವೂ ಬಾಗುತ್ತವೆ. ಎಷ್ಟು ಸಲ ಬಾಗಿರಬೇಕು ಯೋಚಿಸು. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ, ಕಣ್ಣನ್ನು ನಂಬಬೇಡ. ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆ.

ಹಾಳೆ ಮುಗಿಯಿತು ಎಂದಿದ್ದೆ. ಹಿಂಬದಿ ಪೂರ್ತಿ ಖಾಲಿಯಿತ್ತು.

ಆ ಮುಳ್ಳು, ಆ ಕೆಂಪು ದೀಪ ನನಗಾಗಿ ಆಗಿದ್ದರೆ ಇವತ್ತೇ ಕಳಚಿಬಿಡು. ಕೊನೆಯ ದಿನ ಶೆಡ್ಡಿನಲ್ಲಿ ಏನಾಯಿತೆಂದು ನೀನು ಕಣ್ಣಾರೆ ಕಂಡಿದ್ದೀಯ. ಗಿರಾಕಿಯ ಗಾಡಿಯೊಳಗೆ ಕುಳಿತು ಕಾಲು ಒತ್ತಿದ್ದೆ, ಎಂಜಿನ್ ಕಿರುಚುತ್ತಿತ್ತು, ಬೀದಿಯವರೆಲ್ಲ ಓಡಿ ಬಂದರು. ನಾನು ಮಾತ್ರ ನಗುತ್ತಾ ಕುಳಿತಿದ್ದೆ, ಅದು ಇನ್ನೂ ಚಾಲೂ ಆಗಿಲ್ಲವೆಂದುಕೊಂಡು. ಟಿಂಕರ್ ಕಿಟಕಿಯಿಂದ ಕೈ ತೂರಿಸಿ ಕೀ ತಿರುಗಿಸಿದ. ಆಗ ಅವನ ಮುಖದಲ್ಲಿದ್ದ ಕನಿಕರ ಇದೆಯಲ್ಲ, ಅದನ್ನು ಇನ್ನೊಮ್ಮೆ ನೋಡಲಾರೆ. ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದರೆ ಮುಟ್ಟುವುದಿಲ್ಲ.

ಅಪ್ಪ

ಫೆಬ್ರವರಿ ೨೧

ಅಪ್ಪನಿಗೆ,

ಸಿಕ್ಕಿತು.

ವೈರಿನ ಸಿಪ್ಪೆ ಹೊಸದರಂತೆ ಹೊಳೆಯುತ್ತಿತ್ತು. ಒಂದನ್ನು ಎಳೆದೆ, ಗಟ್ಟಿಯಾಗಿತ್ತು. ಇನ್ನೊಂದು ರಬ್ಬರಿನಂತೆ ಹಿಗ್ಗಿತು. ಸಿಪ್ಪೆಯೊಳಗೆ ತಾಮ್ರ ತುಂಡಾಗಿತ್ತು. ತಟ್ಟೆ ಒಂದು ಕಡೆ ಇದ್ದಾಗ ತುಂಡಿನ ಎರಡು ತುದಿಗಳೂ ತಾಗಿಕೊಂಡು ಸಂಸಾರ ನಡೆಸುತ್ತಿದ್ದವು, ತಿರುಗಿದಾಗ ದೂರವಾಗುತ್ತಿದ್ದವು. ಎದ್ದು ನಿಂತು, ಹೊರಗೆ ಹೋಗಿ, ಮತ್ತೆ ಒಳಗೆ ಬಂದು ನೋಡಿದೆ. ನೂರಾರು ಮೈಲಿ ಆಚೆ, ಒಂದು ಸದ್ದೂ ಕೇಳಿಸದೆ, ಕಾರನ್ನು ಕಣ್ಣಲ್ಲೂ ನೋಡದೆ, ನಾನು ಬರೆಯದೆ ಬಿಟ್ಟ ಮಾತಿನಿಂದ ನೀವು ಇದನ್ನು ಕಂಡುಹಿಡಿದಿರಿ.

ಬಾಗಿ ಬಾಳುವ ಮೆತ್ತನೆಯ ಎಳೆಯ ವೈರು ಹಾಕಿ ಬೆಸೆದೆ. ದಿಬ್ಬದ ಮೇಲೆ ಹತ್ತಾರು ಸಲ ಓಡಿಸಿದೆ. ಮುಳ್ಳು ಬೀಳುತ್ತಿಲ್ಲ.

ಈಗ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ನೋಡಿ. ಹೌದು, ನಿಮಗಾಗಿ. ಸೀಟನ್ನು ನಿಮ್ಮ ಕಾಲಿನ ಉದ್ದಕ್ಕೆ ಸರಿಸಿ ಬಿಗಿದಿದ್ದೇನೆ. ನಾನು ಓಡಿಸುವಾಗ ಬೆನ್ನಿಗೆ ದಿಂಬು ಇಟ್ಟುಕೊಳ್ಳುತ್ತೇನೆ. ಲೈಸೆನ್ಸ್ ಕಚೇರಿಯಲ್ಲಿ ವಿಚಾರಿಸಿದೆ. ಕಿವಿ ಕೇಳದವರು ಓಡಿಸಬಹುದು, ಎರಡೂ ಬದಿಗೆ ಅಗಲ ಕನ್ನಡಿ ಬೇಕು, ಒಮ್ಮೆ ಓಡಿಸಿ ತೋರಿಸಬೇಕು. ಕನ್ನಡಿ ಹಾಕಿಯಾಗಿದೆ.

ಆವತ್ತು ನೀವು ಟಿಂಕರ್ ಮಾಮನ ಮುಖ ಮಾತ್ರ ನೋಡಿದಿರಿ. ನಾನು ನಿಮ್ಮದನ್ನು ನೋಡುತ್ತಿದ್ದೆ. ಎಂಜಿನ್ ಕೈಕೊಟ್ಟರೆ ರಿಪೇರಿ ಮಾಡುವವರು ಕಿವಿ ಕೈಕೊಟ್ಟಾಗ ಮಾತ್ರ ಶಟರ್ ಎಳೆದು ಹೊರಟುಬಿಟ್ಟರಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲೇ ಹಳೆಯ ಎಂಜಿನ್ ಇಳಿಸಲು ಶುರು ಮಾಡಿದೆ. ಕಳಚುವುದಿಲ್ಲ, ಅಪ್ಪ. ಬೇಕಾದರೆ ನೀವೇ ಬಂದು ಕಳಚಿ.

ನಿಮ್ಮ ಹಟವೇ ಬಂದಿರುವ
ಗುಬ್ಬಿ

ಮಾರ್ಚ್ ೩೦

ಗುಬ್ಬಿಮರಿ,

ನಿಮ್ಮಪ್ಪ ಕಾಗದ ಬರೆದಿಲ್ಲವೆಂದು ನೀನು ಊಟ ಬಿಟ್ಟು ಕುಳಿತಿರುತ್ತೀಯ ಎಂದು ನನಗೆ ಗೊತ್ತು. ಅವನು ಬರೆಯುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ; ಸೋತಾಗ ಬಾಯಿ, ಕೈ ಎರಡೂ ಕಟ್ಟಿಹೋಗುತ್ತವೆ. ನಿನ್ನ ಕೊನೆಯ ಕಾಗದ ಅವನ ಅಂಗಿ ಜೇಬಿನಲ್ಲೇ ಇದೆ. ಒಗೆಯಲು ಹಾಕುವಾಗ ತೆಗೆಯುತ್ತಾನೆ, ಒಗೆದದ್ದು ಹಾಕಿಕೊಂಡಾಗ ಮತ್ತೆ ಇಟ್ಟುಕೊಳ್ಳುತ್ತಾನೆ.

ಮೊನ್ನೆ ನಡೆದದ್ದು ಹೇಳುತ್ತೇನೆ. ಶಾಲೆಯ ಸಮವಸ್ತ್ರದ ಹೊಲಿಗೆ ರಾಶಿ ಬಿದ್ದಿದೆ, ನಾನು ಮಿಷನ್ ಮುಂದೆ ಕುಳಿತಿದ್ದೆ. ಅವನು ಬಂದು ಎದುರು ಕುಳಿತು ಮೇಜಿನ ಮೇಲೆ ಅಂಗೈ ಊರಿದ. ಕಣ್ಣು ಮುಚ್ಚಿಕೊಂಡ. ನಾನು ಮೆಲ್ಲಗೆ ತುಳಿದರೆ ಅವನ ಇನ್ನೊಂದು ಕೈ ಕೆಳಗೆ ಇಳಿಯುತ್ತದೆ, ಜೋರು ಮಾಡಿದರೆ ಮೇಲೆ ಏಳುತ್ತದೆ, ಅಳತೆ ಹಿಡಿದ ಹಾಗೆ. ಬೇಕಂತಲೇ ಏರಿಸಿ ಇಳಿಸಿ ಏಮಾರಿಸಲು ನೋಡಿದೆ. ಊಹೂಂ, ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಕಣ್ಣು ತೆರೆದು, “ಅಕ್ಕಾ, ಎಡಗಡೆ ಬೇರಿಂಗ್ ಒಣಗಿದೆ, ಎಣ್ಣೆ ಬಿಡು” ಎಂದ. ನಿಜವಾಗಿಯೂ ಒಣಗಿತ್ತು ಕಣೇ. ಕಿವಿ ಚೆನ್ನಾಗಿರುವ ನನಗೇ ಗೊತ್ತಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. “ಎಲ್ಲಿಗೋ?” ಎಂದು ಕೈ ಆಡಿಸಿದೆ. “ಆ ಮೀಟರ್ ಕಳಚಿ ಬರ್ತೀನಿ” ಎಂದ. ಕಳಚುವವನು ಮೊದಲು ಉಗುರು ಕತ್ತರಿಸಿ, ಕನ್ನಡಕ ಒರೆಸಿ, ಹಳೇ ಡ್ರೈವಿಂಗ್ ಲೈಸೆನ್ಸ್ ಹುಡುಕುತ್ತಾನೆಯೇ? ನಾನು ಬರೆದೆನೆಂದು ಹೇಳಬೇಡ. ಅವನು ಬಂದಾಗ ಆಶ್ಚರ್ಯಪಟ್ಟಂತೆ ಮಾಡು.

ನಿನ್ನ ಅತ್ತೆ

ಏಪ್ರಿಲ್ ೧೪

ಅತ್ತೆಗೆ,

ಆಶ್ಚರ್ಯ ನಟಿಸಬೇಕಾಗಲಿಲ್ಲ. ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಾಗ ನನ್ನ ಕೈಯಿಂದ ಸ್ಪ್ಯಾನರ್ ಬಿತ್ತು. ಅದರ ಸದ್ದಿಗೆ ನಾನೇ ಬೆಚ್ಚಿದೆ, ಅವರು ಬೆಚ್ಚಲಿಲ್ಲ.

ಚೀಲ ಇಳಿಸಿದವರೇ ಬಾನೆಟ್ ಎತ್ತಿದರು. ನನ್ನ ಬೆಸುಗೆಗಳನ್ನೆಲ್ಲ ಬೆರಳಿಂದ ಸವರಿ ನೋಡಿದರು. ಒಂದು ಕಡೆ “ಹ್ಞುಂ” ಎಂದರು, ಒಂದು ಕಡೆ “ಇದ್ಯಾಕೆ ಇಷ್ಟು ದಪ್ಪ?” ಎಂದರು. ಆಮೇಲೆ ಎಂಜಿನ್ ಚಾಲೂ ಮಾಡಿಸಿ ಟೈಮಿಂಗ್ ಲೈಟ್ ಕೇಳಿದರು. ಅದೊಂದು ಟಾರ್ಚಿನಂಥ ದೀಪ, ಅತ್ತೆ. ಒಂದು ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ಮಿಂಚುತ್ತದೆ. ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುವ ಗಾಲಿಯ ಮೇಲೆ ಅದನ್ನು ಹಿಡಿದರೆ, ಗಾಲಿ ನಿಂತುಬಿಟ್ಟಂತೆ ಕಾಣುತ್ತದೆ. ಅಂಚಿನಲ್ಲಿ ನಾನು ಬಳಿದ ಬಿಳಿ ಗೆರೆ ಅಲುಗದೆ ನಿಂತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ಆ ಮುಖವನ್ನು ನೀವು ನೋಡಬೇಕಿತ್ತು.

“ಸದ್ದು ಹೇಗಿದೆ?” ಎಂದು ಕೇಳಿದರು, ಎಂದಿನ ದೊಡ್ಡ ದನಿಯಲ್ಲಿ. ಈ ಎಂಜಿನ್ ಅವರು ಕೇಳಿದ್ದೇ ಅಲ್ಲ. ನಾನು ತುಟಿ ಬಿಡಿಸಿ ಹೇಳಿದೆ, “ಮೆತ್ತಗಿದೆ ಅಪ್ಪ.”

“ಮೆತ್ತಗೆ ಅನ್ನೋದು ನಿಮ್ಮತ್ತೆ ಬಟ್ಟೆಗೆ ಹೇಳೋ ಮಾತು. ಸದ್ದು ಹೇಗಿದೆ?”

ಯಾವ ಮಾತು ಹುಡುಕಲಿ? ಅವರ ಬೆರಳುಗಳನ್ನು ಹಿಡಿದು ನನ್ನ ಗಂಟಲ ಮೇಲಿಟ್ಟುಕೊಂಡೆ. ಎಂಜಿನ್ನಿನ ಶ್ರುತಿಗೆ ದನಿ ಸೇರಿಸಿ ಬಾಯಿ ಮುಚ್ಚಿ ಗುನುಗಿದೆ. ಟಿಂಕರ್ ಮಾಮ ಗೋಡೆಯಾಚೆಯಿಂದ ಇಣುಕಿ ನೋಡುತ್ತಿದ್ದರು, ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ. ಆಕ್ಸಿಲರೇಟರಿನ ಕಂಬಿಯನ್ನು ಕೈಯಿಂದಲೇ ಎಳೆದು ವೇಗ ಹೆಚ್ಚಿಸಿದೆ, ದನಿಯನ್ನೂ ಏರಿಸಿದೆ. ಅಪ್ಪ ನನ್ನ ಗಂಟಲಿನಿಂದ ಬೆರಳು ತೆಗೆಯದೆ ಕತ್ತು ಚಾಚಿ, ಗಾಜಿನಾಚೆಗಿನ ಮುಳ್ಳನ್ನು ನೋಡಿದರು. ದನಿ ಏರಿದರೆ ಅದು ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. “ಇರಲಿ ಬಿಡು, ಕಳಚೋದಿಲ್ಲ” ಎಂದರು.

ಲೈಸೆನ್ಸ್ ಕಚೇರಿಯ ಪರೀಕ್ಷಕರು ಬಿಗುಮಾನದ ಮನುಷ್ಯ. ಅಪ್ಪನ ಪಕ್ಕ ಕುಳಿತು ಬೀದಿ ಬೀದಿ ಸುತ್ತಿಸಿದರು. ಇಳಿದು ಬಂದವರು ನನ್ನ ಹತ್ತಿರ ಬಂದು, “ನಿಮ್ಮ ತಂದೆಗೆ ಕೇಳಿಸೋದಿಲ್ಲ ಅಂತ ಖಾತ್ರೀನಾ?” ಎಂದು ಕೇಳಿದರು. ಲೈಸೆನ್ಸ್ ಕೈಗೆ ಬಂದಿತು.

ನಿನ್ನೆ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀರಿನ ಟ್ಯಾಂಕಿನ ದಿಬ್ಬಕ್ಕೆ ಹೊರಟರು. ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದು ಬರಿಗಾಲಲ್ಲಿ ಪೆಡಲ್ ಮುಟ್ಟಿದರು. ದಿಬ್ಬದ ಬುಡದಲ್ಲಿ ಗೇರ್ ಇಳಿಸಿದರು. ಮುಳ್ಳು ಮೇಲೆದ್ದಿತು.

ಆಗ ಅಪ್ಪ ಹಾಡತೊಡಗಿದರು, ಅತ್ತೆ. ಹಾಡು ಎಂದರೆ ಪದವಿಲ್ಲ, ಎಂಜಿನ್ನಿನ ದನಿಯೇ. ಮುಳ್ಳನ್ನು ನೋಡುತ್ತಾ, ಎದೆಯಾಳದಿಂದ ಒಂದೇ ಸ್ವರ ಎತ್ತಿದರು. ನಾನು ಕಿವಿಗೊಟ್ಟು ಕೇಳಿದೆ. ಎಂಜಿನ್ನಿನದೂ ಅವರದೂ ಒಂದೇ ಶ್ರುತಿ. ಕೂದಲೆಳೆಯಷ್ಟೂ ಬೇರೆಯಿಲ್ಲ. ಮುಳ್ಳು ಏರಿದಂತೆ ದನಿ ಏರಿತು. ಗೇರ್ ಬದಲಿಸಿದಾಗ ತಕ್ಷಣ ಇಳಿಯಿತು, ಮತ್ತೆ ಏರಿತು. ಇಷ್ಟು ವರ್ಷ ಕೇಳಿದ ಎಂಜಿನ್ನುಗಳೆಲ್ಲ ಅವರೊಳಗೇ ಇದ್ದವು, ಯಾವ ವೇಗಕ್ಕೆ ಯಾವ ಸ್ವರ ಎಂದು ಒಂದೂ ಮರೆತಿರಲಿಲ್ಲ. ತಮ್ಮ ದನಿ ತಮಗೇ ಕೇಳಿಸದ ಮನುಷ್ಯ ಅಷ್ಟು ದೊಡ್ಡದಾಗಿ, ಅಷ್ಟು ನಿಖರವಾಗಿ ಹಾಡುತ್ತಿದ್ದರು. ಎದುರು ಬಂದ ಸೈಕಲ್ಲಿನವನು ಇಳಿದು ನಿಂತು ನೋಡಿದ. ನನ್ನ ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲು ಹೊಳೆಯಲೇ ಇಲ್ಲ.

ಮೇಲೆ ತಲುಪಿದೆವು. ಕೆಳಗೆ ಊರಿನ ಚಾವಣಿಗಳು, ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದ ದೀಪಗಳು. ಅಪ್ಪ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದರು. ನಿಂತಲ್ಲೇ ಓಡುತ್ತಿದ್ದ ಎಂಜಿನ್ನಿನ ಜೊತೆ ತಗ್ಗಿದ ದನಿಯಲ್ಲಿ ತುಸು ಹೊತ್ತು ಗುನುಗುತ್ತಿದ್ದು, ಕೀ ತಿರುಗಿಸಿದರು. ಮುಳ್ಳು ಇಳಿಯಿತು. ಅದು ಇಳಿದಂತೆಯೇ ಅವರ ದನಿಯೂ ಇಳಿಯಿತು, ಅದು ತಳ ಮುಟ್ಟಿದಾಗ ಇದೂ ನಿಂತಿತು.

ಪ್ರೀತಿಯಿಂದ,
ಗುಬ್ಬಿ